ಶಾಹಜಾದಬಿಯ ಹತ್ತು ಜಿಬಿ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿರುವ ಅಮೀನಸಾಬನ ರೀಚಾರ್ಜ್ ಅಂಗಡಿಯೊಳಗೆ ಈಗಲೂ ಒಂದು ಗಾಜಿನ ಗೂಡು ಇದೆ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಒಂದು ಕಾಲಕ್ಕೆ ಅದು ಎಸ್‌ಟಿಡಿ ಬೂತು. ಈಗ ಅದರೊಳಗೆ ಮೊಬೈಲ್ ಕವರುಗಳು, ಚಾರ್ಜರುಗಳು, ಕಿವಿಗೆ ಸಿಕ್ಕಿಸಿಕೊಳ್ಳುವ ವಯರುಗಳು ನೇತಾಡುತ್ತವೆ. ಗಾಜಿನ ಮೇಲೆ ಬರೆಸಿದ್ದ ಹಳದಿ ಅಕ್ಷರಗಳಲ್ಲಿ ಅರ್ಧ ಉದುರಿವೆ.

ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಅಮೀನಸಾಬನದು, ಇನ್ನೊಂದು ಅವನ ಹೆಂಡತಿ ಶಾಹಜಾದಬಿಯದು. ಮೂವತ್ತು ವರ್ಷಕ್ಕೂ ಮೇಲಾಯಿತು, ಈ ಇಬ್ಬರೂ ಊರಿಗೆ ಮಾತು ಮಾರಿಕೊಂಡು ಬಂದವರು. ಮೊದಲು ನಿಮಿಷದ ಲೆಕ್ಕದಲ್ಲಿ, ಆಮೇಲೆ ಕೆರೆಯುವ ಕೂಪನ್ನಿನಲ್ಲಿ, ಈಗ ಜಿಬಿಯಲ್ಲಿ. ಆದರೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಒಮ್ಮೆಯೂ ಫೋನ್ ಮಾಡಿರಲಿಲ್ಲ. ಕಾರಣವೇ ಬಂದಿರಲಿಲ್ಲ. ಬೆಳಿಗ್ಗೆ ಕೂಡಿ ಶಟರ್ ಎತ್ತುತ್ತಿದ್ದರು, ರಾತ್ರಿ ಕೂಡಿ ಇಳಿಸುತ್ತಿದ್ದರು. ನಡುವೆ ಇದ್ದದ್ದು ಒಂದು ಮೊಳದ ಅಂತರ.

ಪಕ್ಕದ ಕಾಳಿನ ವ್ಯಾಪಾರಿ ಕುಬೇರಪ್ಪನಿಗೆ ಇದು ದಿನವೂ ಸಿಗುವ ತಮಾಷೆ. "ಮಿಠಾಯಿ ಅಂಗಡಿಯಾವ್ರ ಮನ್ಯಾಗ ಸಕ್ರಿ ಇಲ್ಲಂದಂಗ ಆತಲ್ರಿ ಅಮೀನಸಾಬ್ರ. ಒಮ್ಮಿಯಾರ ಅಕ್ಕಾರಿಗೆ ಒಂದು ಮಿಸ್ ಕಾಲ್ ಕೊಡ್ರಿ."

"ಇಲ್ಲೇ ಕುಂತಾಳಲ್ಲಪಾ, ಕೂಗಿದ್ರ ಕೇಳ್ತೈತಿ," ಎನ್ನುವುದು ಅಮೀನಸಾಬನ ಉತ್ತರ.

ಅಲ್ಲಿದ್ದವರು ನಗುತ್ತಿದ್ದರು. ಶಾಹಜಾದಬಿಯೂ ನಗುತ್ತಿದ್ದಳು. ಆದರೆ ಒಳಗೆ ಆಕೆಗೊಂದು ಆಸೆ ಇತ್ತು, ಬಹಳ ಹಳೆಯದು. ಹೇಳಿಕೊಂಡರೆ ನಗೆಪಾಟಲಾಗುವಂಥದ್ದು, ಬಿಟ್ಟುಬಿಡೋಣವೆಂದರೆ ಬಿಡದಂಥದ್ದು. ಗಂಡ ಒಮ್ಮೆ ದೂರದಿಂದ ತನ್ನ ಜೊತೆ ಫೋನಿನಲ್ಲಿ ಮಾತಾಡಬೇಕು. ಅಷ್ಟೇ.

ಆ ಆಸೆ ಹುಟ್ಟಿದ್ದು ಆ ಗಾಜಿನ ಗೂಡಿನ ಬಾಗಿಲಲ್ಲಿ.

ಬೂತ್ ಹಾಕಿದ್ದು ತೊಂಬತ್ಮೂರರಲ್ಲಿ. ಅಮೀನಸಾಬ ಹನುಮಸಾಗರದವನು, ಗಡಿಯಾರ ರಿಪೇರಿ ಕಲಿತಿದ್ದ. ಕೈಗಡಿಯಾರ ಸೋವಿಯಾಗಿ, ಕೆಟ್ಟರೆ ಎಸೆಯುವ ಕಾಲ ಬರುತ್ತಿರುವುದನ್ನು ಕಂಡು ಕುಷ್ಟಗಿಗೆ ಬಂದು ಫೋನಿಗೆ ಅರ್ಜಿ ಹಾಕಿದ. ಶಾಹಜಾದಬಿ ಯಲಬುರ್ಗಿಯ ಹುಡುಗಿ, ಏಳನೆಯ ಇಯತ್ತೆ ಓದಿದ್ದಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತಿ ಎಂದು ಅಮೀನಸಾಬನೇ ಆಕೆಯನ್ನು ಅಂಗಡಿಗೆ ಕರೆತಂದ. ಮನೆಯ ಮಾತು ಉರ್ದು, ಅಂಗಡಿಯ ಮಾತು ಕನ್ನಡ. ಗಿರಾಕಿಗಳ ಮುಂದೆ ಉರ್ದು ಆಡಿದರೆ ಅವರಿಗೆ ಸಂಶಯ ಬರುತ್ತದೆ ಎಂದು ಇಬ್ಬರೂ ಅಂಗಡಿಯಲ್ಲಿ ಜಗಳವನ್ನೂ ಕನ್ನಡದಲ್ಲೇ ಆಡುವುದನ್ನು ರೂಢಿ ಮಾಡಿಕೊಂಡರು. ಅಂಗಡಿಯಲ್ಲೇ ಬದುಕು ಕಳೆದದ್ದರಿಂದ ಅವರ ಬಹುಪಾಲು ಸಂಸಾರ ಕನ್ನಡದಲ್ಲಿ ನಡೆಯಿತು.

ಮಸೀದಿ ಹಿಂದಿನ ಓಣಿಗಳಿಂದ ಆಗ ಮನೆಗೊಬ್ಬರಂತೆ ಗಂಡಸರು ಸೌದಿಗೆ ಹೋಗಿದ್ದರು. ಒಬ್ಬ ಗೌಂಡಿ, ಒಬ್ಬ ಡ್ರೈವರ್, ಒಬ್ಬ ವೆಲ್ಡರ್. ಜೆದ್ದಾ, ರಿಯಾಧ್, ದಮ್ಮಾಮ್ ಎಂಬ ಊರುಗಳ ಹೆಸರು ಕುಷ್ಟಗಿಯ ಹೆಂಗಸರ ಬಾಯಲ್ಲಿ ಇಳಕಲ್ಲು, ಗಜೇಂದ್ರಗಡದಷ್ಟೇ ಸಲೀಸು. ಅಲ್ಲಿ ಶುಕ್ರವಾರ ರಜೆ. ಜುಮ್ಮಾ ನಮಾಜು ಮುಗಿಸಿಕೊಂಡು ಅಲ್ಲಿನವರು ಫೋನಿನ ಮುಂದೆ ಪಾಳಿ ಹಚ್ಚುವ ಹೊತ್ತಿಗೆ ಇಲ್ಲಿ ಹೆಂಗಸರು ಅಂಗಡಿಯ ಹಲಗೆಯ ಮೇಲೆ ಬಂದು ಕೂರುತ್ತಿದ್ದರು. ಯಾರದೋ ಗಂಡ ಮಾಡಿ, ಅವಳಿನ್ನೂ ಬಂದಿರದಿದ್ದರೆ ಶಾಹಜಾದಬಿ, "ಹತ್ತು ನಿಮಿಷ ಬಿಟ್ಟು ಮಾಡ್ರಿ ಅಣ್ಣಾರ, ಕರಕೊಂಡು ಬರ್ತೀನಿ," ಎಂದು ರಿಸೀವರ್ ಇಟ್ಟು ಓಣಿಗೆ ಓಡುತ್ತಿದ್ದಳು. ಹಜರತಬೀ ಎಂಬಾಕೆ ರೊಟ್ಟಿ ಬಡಿಯುತ್ತಿದ್ದವಳು ಕೈಗೆ ಹಿಟ್ಟು ಹತ್ತಿದ ಹಾಗೇ ಬಂದು ಫೋನ್ ಹಿಡಿಯುತ್ತಿದ್ದಳು. ಆಕೆ ಹೋದ ಮೇಲೆ ಕರಿ ರಿಸೀವರನ್ನು ಒರೆಸುವುದು ಶಾಹಜಾದಬಿಯ ಕೆಲಸ.

ಇಲ್ಲಿಂದ ಮಾಡುವುದು ಎಲ್ಲರ ಕೈಲಾಗುವಂಥದ್ದಲ್ಲ. ಸೌದಿಗೆ ನಿಮಿಷಕ್ಕೆ ಅರವತ್ತು ರೂಪಾಯಿಯ ಆಸುಪಾಸು. ಹೊಲಕ್ಕೆ ಹೋಗುವವರ ಎರಡು ದಿನದ ಕೂಲಿ. ಮೀಟರಿನ ಕೆಂಪು ಅಂಕಿ ಏರುತ್ತಿದ್ದರೆ ನೋಡುವವರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆದ್ದರಿಂದ ಹೆಂಗಸರು ಹೇಳಬೇಕಾದ್ದನ್ನು ಹಲಗೆಯ ಮೇಲೆ ಕೂತೇ ಬೆರಳು ಮಡಚಿ ಉರು ಹೊಡೆಯುತ್ತಿದ್ದರು. ಎಮ್ಮೆ ಈಯಿತು. ಮಾಡಿನ ಸೋರಿಕೆ ನಿಲ್ಲಿಸಿದೆವು. ಸಣ್ಣದಕ್ಕೆ ಹಲ್ಲು ಬಂತು. ಒಳಗೆ ಹೋಗಿ ಆ ಕಡೆಯ ದನಿ ಕೇಳಿದ್ದೇ ಮಡಚಿದ ಬೆರಳೆಲ್ಲ ಬಿಚ್ಚಿಹೋಗುತ್ತಿತ್ತು. ಕೆಲವರಿಗೆ ಮೊದಲ ನಿಮಿಷ ಅಳುವುದರಲ್ಲೇ ತೀರುತ್ತಿತ್ತು. ಶಾಹಜಾದಬಿ ಮೊದಮೊದಲು ಗಾಜಿಗೆ ಬಳೆ ತಟ್ಟಿ ಮೀಟರ್ ತೋರಿಸುತ್ತಿದ್ದಳು. ಆಮೇಲೆ ತಟ್ಟುವುದನ್ನು ಬಿಟ್ಟಳು. ಅಳುವುದಕ್ಕೂ ಕೂಡಿಯೇ ದುಡ್ಡು ಕೊಡುತ್ತಿದ್ದಾರೆ ಎಂದು ಆಕೆಗೆ ತಿಳಿದಿತ್ತು.

ಗೂಡಿನ ಬಾಗಿಲಿನ ಸ್ಪ್ರಿಂಗು ಮೊದಲ ವರ್ಷವೇ ಕೆಟ್ಟಿತು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೀಗಾಗಿ ಒಳಗಿನ ಮಾತು ಆಕೆಗೆ ಕೇಳುತ್ತಿತ್ತು, ಒಮ್ಮೊಮ್ಮೆ ಆ ಕಡೆಯ ಗಂಡಸಿನ ದನಿಯೂ ನೂಲಿನೆಳೆಯ ಹಾಗೆ ಸೋರಿ ಬರುತ್ತಿತ್ತು. ಹಜರತಬೀಯ ಗಂಡ ಊರಿನಲ್ಲಿದ್ದಾಗ ಹೆಂಡತಿಯ ಜೊತೆ ನಾಲ್ಕು ಮಾತು ನೆಟ್ಟಗೆ ಆಡಿದವನಲ್ಲ, ಮಾತಿಗೆ ಮೊದಲು ಗದರುವ ಮನುಷ್ಯ. ಅವನೇ ಜೆದ್ದಾದಿಂದ, "ನಿನ್ನ ದನಿ ಕೇಳಿ ಭಾಳ ದಿನ ಆತು. ಇನ್ನೊಂದೀಟು ಮಾತಾಡು, ಏನಾರ ಮಾತಾಡು," ಎಂದದ್ದನ್ನು ಶಾಹಜಾದಬಿ ಕಿವಿಯಾರೆ ಕೇಳಿದಳು. ಆಗ ಒಂದು ಮೊಳದಾಚೆ ಕೂತಿದ್ದ ಆಕೆಯ ಗಂಡ, "ಐದು ರೂಪಾಯಿ ಚಿಲ್ಲರ ಐತೇನು ನಿನ್ನ ಕಡಿ?" ಎಂದು ಕೇಳಿದ್ದ.

ಕೆಟ್ಟವನಲ್ಲ ಅಮೀನಸಾಬ. ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಆದರೆ ಹತ್ತಿರವಿರುವವರ ಜೊತೆ ಆಡುವ ಮಾತೇ ಬೇರೆ, ದೂರವಿರುವವರ ಜೊತೆ ಆಡುವ ಮಾತೇ ಬೇರೆ ಎಂದು ಶಾಹಜಾದಬಿಗೆ ಆ ಗೂಡಿನ ಬಾಗಿಲಲ್ಲಿ ನಿಂತು ನಿಂತು ಗೊತ್ತಾಗಿತ್ತು. ದೂರದ ಮಾತು ಆಕೆಯ ಪಾಲಿಗೆ ಬಂದಿರಲೇ ಇಲ್ಲ. ಬಿಲ್ಲು ಕಟ್ಟಲು ಅವನು ಕೊಪ್ಪಳಕ್ಕೆ ಹೋಗುವಾಗ, "ಅಲ್ಲಿಂದ ಒಂದು ಫೋನ್ ಮಾಡ್ರಲ್ಲ," ಎಂದು ಒಮ್ಮೆ ಹೇಳಿ ನೋಡಿದ್ದಳು. "ಯಾಕ? ಸಂಜಿಗೆ ನಾನ ಬರ್ತೀನಲ್ಲ," ಎಂದಿದ್ದ. ಹಾಗೇ ಸಂಜೆಗೆ ಬಂದಿದ್ದ, ಜಿಲೇಬಿ ಕಟ್ಟಿಸಿಕೊಂಡು. ಹೆರಿಗೆಗೆ ಯಲಬುರ್ಗಿಗೆ ಹೋದಾಗ ತವರುಮನೆಯ ಹತ್ತಿರ ಫೋನಿರಲಿಲ್ಲ. ಮಗಳು ಹಸೀಬಾ ಹುಟ್ಟಿದ ಸುದ್ದಿ ಕೇಳಿ ಅವನು ಬಸ್ಸು ಹತ್ತಿ ಬಂದು ಎದುರಿಗೇ ನಿಂತಿದ್ದ.

ಇದಕ್ಕೆಲ್ಲ ಮೇಲೆ ಅವನದೊಂದು ನೇಮವಿತ್ತು. ಅಂಗಡಿಯ ಫೋನು ಗಿರಾಕಿಗಳದು. ಹಲಗೆಯ ಮೇಲೆ ಒಬ್ಬ ಕೂತಿದ್ದರೂ ಮನೆಯವರು ಅದನ್ನು ಮುಟ್ಟಬಾರದು. ಹಸೀಬಾಳ ಮದುವೆಯ ಮಾತುಕತೆಗೆ ಗಂಗಾವತಿಯ ಬೀಗರು ಫೋನ್ ಮಾಡಿದಾಗಲೂ ಅವನು, "ಗಿರಾಕಿ ಅದಾರ್ರಿ, ಆಮ್ಯಾಲೆ ಮಾಡ್ರಿ," ಎಂದು ಇಟ್ಟವನು. ಬೀಗರು ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ಮೊಬೈಲ್ ಬಂದು ಬೂತು ಸತ್ತಿತು. ಮೀಟರನ್ನು ಗುಜರಿಗೆ ಹಾಕಿದ ದಿನ ಅಮೀನಸಾಬ ಊಟ ಮಾಡಲಿಲ್ಲ. ಆದರೆ ಎದ್ದು ನಿಲ್ಲುವುದು ಅವನಿಗೆ ಗೊತ್ತಿತ್ತು. ಈಗ ಅಂಗಡಿಯ ಮುಂದೆ ಒಂದು ಕರಿ ಹಲಗೆ, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಪ್ಲ್ಯಾನುಗಳು. ಮುನ್ನೂರರ ಒಳಗೆ ಇಪ್ಪತ್ತೆಂಟು ದಿನ, ದಿನಕ್ಕೆ ಒಂದೂವರೆ ಜಿಬಿ. ಲೆಕ್ಕ ಹಾಕಿದರೆ ಒಂದು ಜಿಬಿ ಬಸ್‌ಸ್ಟ್ಯಾಂಡಿನ ಒಂದು ಚಹಕ್ಕಿಂತ ಸೋವಿ. ರೀಚಾರ್ಜ್ ಮಾಡಿಸಿಕೊಂಡವರಿಗೆಲ್ಲ ಅವನು ತಪ್ಪದೆ ಹೇಳುವ ಮಾತೊಂದಿದೆ: "ಇವತ್ತಿನ ನೆಟ್ ಇವತ್ತ ಖರ್ಚು ಮಾಡ್ರಿ. ಹನ್ನೆರಡು ಹೊಡದ ಕೂಡ್ಲೆ ಸಾಯ್ತೈತಿ. ನಾಳಿದ್ದು ನಾಳೆ ಮತ್ತ ಹುಟ್ಟತೈತಿ." ಆ ಮಾತಿಗೆ ಊರೇ ಒಗ್ಗಿಕೊಂಡಿತ್ತು. ಉಂಡ ಮೇಲೆ ಉಳಿದ ನೆಟ್ಟನ್ನು ಕೆಡಿಸಬಾರದೆಂದು ಬೇಕಿರಲಿ ಬೇಡಿರಲಿ ಏನಾದರೂ ಹಚ್ಚಿಕೊಂಡು ಕೂರುವುದು ಮನೆಮನೆಯ ಪದ್ಧತಿಯಾಯಿತು.

ಹಜರತಬೀಗೆ ಈಗ ಎಂಬತ್ತರ ಹತ್ತಿರ. ಗಂಡ ಹೋಗಿ ಎಷ್ಟೋ ಕಾಲವಾಯಿತು. ಮೊಮ್ಮಗ ಜೆದ್ದಾದಲ್ಲಿದ್ದಾನೆ. ಆಕೆಯ ಮನೆಯಲ್ಲಿ ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿ ವಿಡಿಯೋ ಹಚ್ಚಿರುತ್ತಾರೆ. ಸೊಸೆ ಬೆಳ್ಳುಳ್ಳಿ ಸುಲಿಯುತ್ತಾಳೆ, ಆ ಕಡೆ ಅವನು ಅಂಗಿ ಇಸ್ತ್ರಿ ಮಾಡುತ್ತಾನೆ. ಫೋನು ಚಾಲೂ ಇರುತ್ತದೆ, ಮಾತಿರುವುದಿಲ್ಲ. "ಆಗ ರೊಕ್ಕ ಇರಲಿಲ್ಲ, ಮಾತಿದ್ವು. ಈಗ ನೋಡವ್ವ," ಎಂದು ಒಮ್ಮೆ ಹಜರತಬೀ ಅಂದದ್ದು ಶಾಹಜಾದಬಿಯ ಮನಸ್ಸಿನಲ್ಲಿ ಕೂತಿದೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಆಕೆಯ ತಮ್ಮ ಜಹೀರ ಬಂದ. ಹಿಟ್ನಾಳದಲ್ಲಿ ಅವನದು ಟ್ರ್ಯಾಕ್ಟರ್ ಟ್ರೇಲಿ ವೆಲ್ಡಿಂಗ್ ಅಂಗಡಿ. "ಯಕ್ಕಾ, ನಾನೂ ರಜಿಯಾನೂ ಸೌದಿಗೆ ಉಮ್ರಾ ಯಾತ್ರಾಕ್ಕ ಹೊಂಟೀವಿ. ನೀನೂ ಮಾಮಾನೂ ಬರ್ರಿ," ಎಂದ. ಅಮೀನಸಾಬ ತನ್ನ ಎಡ ಮೊಣಕಾಲು ತೋರಿಸಿದ. ಎರಡು ತಿಂಗಳ ಹಿಂದಷ್ಟೇ ಆಪರೇಷನ್ ಆಗಿತ್ತು. ಅಂಗಡಿಯ ಮೂರು ಮೆಟ್ಟಿಲು ಹತ್ತುವುದೇ ಸಾಹಸ. "ಆಕಿ ಬರ್ಲಿ. ತಮ್ಮ ಇದ್ದಮ್ಯಾಲೆ ಏನು ತೊಂದ್ರಿ?" ಎಂದ.

ಆ ಕ್ಷಣಕ್ಕೆ ಶಾಹಜಾದಬಿಯ ಎದೆಯಲ್ಲಿ ಎರಡು ಮಾತು ಒಟ್ಟಿಗೆ ಬಂದವು. ಮೊದಲನೆಯದು ಕಾಬಾ ಕಾಣುತ್ತೇನೆ ಎಂಬುದು. ಎರಡನೆಯದನ್ನು ಅದರ ಪಕ್ಕದಲ್ಲಿಡಲು ಆಕೆಗೇ ನಾಚಿಕೆಯಾಯಿತು: ನಾನು ಅಲ್ಲಿ, ಇವರು ಇಲ್ಲಿ, ನಡುವೆ ಫೋನು.

ಅಮೀನಸಾಬ ಆ ರಾತ್ರಿಯಿಂದಲೇ ಲೆಕ್ಕಕ್ಕೆ ಕೂತ. ಇಲ್ಲಿನ ಸಿಮ್ಮನ್ನೇ ಅಲ್ಲಿ ನಡೆಸಿದರೆ ಎಷ್ಟು, ಅಲ್ಲಿ ಇಳಿದ ಮೇಲೆ ಹೊಸ ಸಿಮ್ ಕೊಂಡರೆ ಎಷ್ಟು. ಗಂಗಾವತಿಯಿಂದ ಹೋಗಿಬಂದವರಿಗೆಲ್ಲ ಫೋನ್ ಹಚ್ಚಿ ಕೇಳಿದ. ಇಲ್ಲಿನ ಸಿಮ್ಮಿಗೆ ಸಾವಿರದ ಮೇಲೆ ಕೊಟ್ಟರೂ ಬರುವುದು ಎರಡು ಮೂರು ಜಿಬಿ. ಅಲ್ಲಿಯದಾದರೆ ಐವತ್ತೈದು ರಿಯಾಲಿಗೆ ಹತ್ತು ಜಿಬಿ ಎಂದು ಒಬ್ಬರು ಹೇಳಿದರು.

"ರಿಯಾಲ್ ಅಂದ್ರ ಎಷ್ಟ್ರಿ?" ಕುಬೇರಪ್ಪ ಕೇಳಿದ.

"ಇಪ್ಪತ್ತೆರಡು ಇಪ್ಪತ್ಮೂರು ಹಿಡೀರಿ."

"ಅಂದ್ರ ಸಾವಿರದ ಎರಡನೂರೈವತ್ತು! ಏ, ಅಷ್ಟು ರೊಕ್ಕಕ್ಕ ನಮ್ಮಲ್ಲಿ ನಾಕು ತಿಂಗಳು ನೋಡಿ ನೋಡಿ ಕಣ್ಣ ಹೋಗ್ತಾವಲ್ರಿ!"

"ಅದಕ್ಕ ಹೇಳಾಕತ್ತೀನಿ. ಅಷ್ಟು ರೊಕ್ಕ ತಗೊಂಡು ಬರೇ ಹತ್ತು ಕೊಟ್ಟು ಕೈ ತೊಳಕೋತಾರೇನು? ದಿನಕ್ಕ ಹತ್ತು ಇರಬೇಕು. ಶ್ರೀಮಂತರ ದೇಶ ಅದು."

ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನೆಟ್ಟು ದಿನಕ್ಕಿಷ್ಟು ಎಂದು ಹುಟ್ಟುತ್ತದೆ, ರಾತ್ರಿ ಸಾಯುತ್ತದೆ. ಬೇರೆ ಥರ ಇರಬಹುದೆಂದು ಕುಷ್ಟಗಿಯಲ್ಲಿ ಯಾರು ಕಂಡಿದ್ದಾರೆ?

ಅಂಗಡಿಯ ಪಕ್ಕದಲ್ಲಿ ಖಡಕ್ ರೊಟ್ಟಿ ಮಾರುವ ಹಂಪವ್ವ ಬುಟ್ಟಿಯ ಹಿಂದಿನಿಂದಲೇ ಕೂಗಿದಳು: "ಹಂಗಾರ ನನಗ ವಿಮಾನ ತೋರಸಬೇಕು ಬೇ ಶಾಹಜಾದಿ. ಒಂಟಿನೂ ತೋರಸಬೇಕು."

"ತೋರಸ್ತೀನೇಳು."

"ಬರೇ ಹ್ಞೂಂ ಅನಬ್ಯಾಡ. ಹೋದ ಕೂಡ್ಲೆ ಮರೀತಿ ನೀನು."

ಹೊರಡುವ ದಿನ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಶಾಹಜಾದಬಿ ಗಂಡನಿಗೆ ಒಂದೇ ಮಾತು ಹೇಳಿದಳು. "ಅಲ್ಲಿಂದ ಫೋನ್ ಮಾಡ್ತೀನಿ. ನೀವ ಮಾತಾಡಬೇಕು."

"ಮಾತಾಡೂದಕ್ಕೇನು," ಎಂದ ಅಮೀನಸಾಬ, ಹಲಗೆ ಒರೆಸುತ್ತ.

ಮೊದಲ ಎರಡು ದಿನ ಆಕೆಗೆ ಸ್ವಂತದ್ದೆಂಬುದೇನೂ ನೆನಪಾಗಲಿಲ್ಲ. ಉಮ್ರಾ ಮುಗಿಸಿ ಹೋಟೆಲಿನ ಕೋಣೆಗೆ ಬಂದು ಕೂತ ಮೇಲೆ ಕಾಲು ನೋಯುತ್ತಿದೆ ಎಂಬುದು ತಿಳಿಯಿತು. ಸಿಮ್ಮು ಜಹೀರನೇ ಕೊಡಿಸಿದ್ದ, ಐವತ್ತೈದು ರಿಯಾಲಿನದೇ. "ಯಕ್ಕಾ, ದಿನಕ್ಕ ಹತ್ತು ಜಿಬಿ ನಿನಗೊಬ್ಬಾಕಿಗೆ ಯಾಕ ಬೇಕು? ನಿನ್ನ ಫೋನಿಂದ ನನ್ನ ಫೋನಿಗೆ ನೆಟ್ ಹಚಗೋತೀನಿ," ಎಂದು ತನಗೆ ಬೇರೆ ಕೊಳ್ಳಲಿಲ್ಲ.

ಸಂಜೆ ಶಾಹಜಾದಬಿ ಅಂಗಡಿಗೆ ವಿಡಿಯೋ ಹಚ್ಚಿದಳು. ಅಮೀನಸಾಬ ಎತ್ತಿದ. ಅರೆಗಳಿಗೆ ಅವನ ಕನ್ನಡಕ, ಮೂಗು ಕಂಡವು. ಆಕೆ ಬಾಯಿ ತೆರೆಯುವಷ್ಟರಲ್ಲಿ ಅವನು, "ಬಂತ್ರಿ, ಬಂತು, ಬರ್ರಿ ಎಲ್ಲಾರೂ," ಎಂದು ಫೋನನ್ನು ತಿರುಗಿಸಿಬಿಟ್ಟ. ಅಂಗಡಿಯ ಮುಂದೆ ಜನ ನೆರೆದಿತ್ತು. ಬೆಳಿಗ್ಗೆಯಿಂದಲೇ ಅವನು ಎಲ್ಲರಿಗೂ ಹೇಳಿಟ್ಟಿದ್ದ. ಮೊದಲು ಹಜರತಬೀ, ಮಿನಾರು ಕಂಡು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕುಬೇರಪ್ಪ, ಅವನ ಆಳುಗಳು, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರು. ಹಂಪವ್ವ, "ಒಂಟಿ ಎಲ್ಲಿ ಬೇ? ಬರೇ ಕಾರ ಅದಾವಲ್ಲ! ಇದನ್ನ ನೋಡಾಕ ಅಷ್ಟು ದೂರ ಹೋಗಿಯೇನು?" ಎಂದು ಜಗಳಕ್ಕೆ ಬಂದಳು. ಫೋನು ಕೈಯಿಂದ ಕೈಗೆ ಹೋಗದಂತೆ ಅಮೀನಸಾಬನೇ ಹಿಡಿದು ನಿಂತಿದ್ದ. ಹಾಗಾಗಿ ಅಷ್ಟು ಹೊತ್ತೂ ಶಾಹಜಾದಬಿಗೆ ಗಂಡನದೆಂದು ಕಂಡದ್ದು ಪರದೆಯ ಅಂಚಿನ ಹೆಬ್ಬೆಟ್ಟು ಒಂದೇ.

"ನೀವೂ ಮಾತಾಡ್ರಿ," ಎಂದಳು ಆಕೆ.

"ತಡಿ, ಇನ್ನೂ ಮಂದಿ ಅದಾರ," ಎಂದಿತು ಹೆಬ್ಬೆಟ್ಟಿನ ಹಿಂದಿನ ದನಿ.

ಮರುದಿನವೂ ಹಾಗೇ ಆಯಿತು. ಗಂಗಾವತಿಯಿಂದ ಹಸೀಬಾ, ಅವಳ ಅತ್ತೆಮನೆಯವರು, ಓಣಿಯ ಹೆಂಗಸರು. ಜಹೀರ ತನ್ನ ಫೋನಿನಲ್ಲಿ ಹಿಟ್ನಾಳದ ಗೆಳೆಯರಿಗೆ ಇಡೀ ಬಜಾರು ತೋರಿಸುತ್ತಿದ್ದ. ರಾತ್ರಿ ಉಳಿದ ನೆಟ್ಟು ಕೆಡಬಾರದೆಂದು ಕ್ರಿಕೆಟ್ ಹಚ್ಚಿಕೊಂಡ. ಅವನ ಹೆಂಡತಿ ರಜಿಯಾಬೇಗಂ ತವರಿನವರಿಗೆ ಕೋಣೆಯ ಬಚ್ಚಲನ್ನೂ ಬಿಡದೆ ತೋರಿಸಿದಳು. ಶಾಹಜಾದಬಿ ಕಾದಳು. ಎಲ್ಲರದ್ದೂ ಮುಗಿಯಲಿ, ಕಡೆಗೆ ನಮ್ಮದು ಎಂದುಕೊಂಡಳು. ಆಕೆಯೂ ಅದೇ ಅಂಗಡಿಯಲ್ಲಿ ಪಳಗಿದವಳು. ತನ್ನ ಪಾಳಿ ಬಂದಾಗ ಚಿತ್ರ ನಿಂತುಹೋಯಿತು.

"ಇವತ್ತಿಂದು ಮುಗೀತು," ಎಂದ ಜಹೀರ. "ಹನ್ನೆರಡಕ್ಕ ಮತ್ತ ಬರ್ತೈತಿ."

ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅಷ್ಟರಲ್ಲಿ ಬಸ್ಸು ಅವರನ್ನು ಮದೀನಾಕ್ಕೆ ಕರೆತಂದಿತ್ತು.

ಮದೀನಾದಲ್ಲಿ ಹೋಟೆಲಿನ ಹಿಂದಿನ ಸಂದಿಯಲ್ಲಿ ಒಂದು ಕಿರಾಣಿ ಅಂಗಡಿ. ಖರ್ಜೂರ, ನೀರಿನ ಬಾಟಲಿ, ಟೋಪಿ, ಜಪದ ತಸಬಿ, ರೀಚಾರ್ಜ್ ಕಾರ್ಡು ಎಲ್ಲವೂ ಅಲ್ಲೇ. ಗಲ್ಲೆಯ ಮೇಲೆ ಕೂತವನು ಹೈದರಾಬಾದಿನ ಕಡೆಯ ನಡುವಯಸ್ಸಿನ ಮನುಷ್ಯ. ಅವನ ಉರ್ದು ಶಾಹಜಾದಬಿಯ ಮನೆಯ ಮಾತಿನ ಅಕ್ಕಪಕ್ಕದ್ದೇ. ಆಕೆ ಫೋನನ್ನು ಮುಂದಿಟ್ಟು, ನಿಮ್ಮ ದೇಶದ ನೆಟ್ಟು ಎರಡು ದಿನವಾಯಿತು ಹುಟ್ಟಿಲ್ಲ ಎಂದು ದೂರು ಹೇಳಿದಳು.

ಅವನು ನೋಡಿದ. ಆಮೇಲೆ ನಗು ತಡೆದುಕೊಂಡು ಕೇಳಿದ, "ಆಪಾ, ಹತ್ತು ಜಿಬಿಯನ್ನು ಎಷ್ಟು ದಿನದಲ್ಲಿ ಮುಗಿಸಿದಿರಿ?"

"ಒಂದು ದಿನದ್ದನ್ನು ಒಂದು ದಿನದಲ್ಲಿ ಮುಗಿಸದೆ?"

"ಅದು ಒಂದು ದಿನದ್ದಲ್ಲ ಆಪಾ. ಎಲ್ಲಾ ದಿನದ್ದೂ ಅಷ್ಟೇ. ಇಲ್ಲಿ ಹನ್ನೆರಡು ಹೊಡೆದರೆ ಏನೂ ಹುಟ್ಟುವುದಿಲ್ಲ, ಏನೂ ಸಾಯುವುದಿಲ್ಲ. ನಮ್ಮ ಕಡೆಯಿಂದ ಬಂದವರೆಲ್ಲ ಇದನ್ನೇ ಮಾಡುತ್ತಾರೆ. ಮೊನ್ನೆ ಒಬ್ಬ ವಕೀಲರು ಕೂಡ."

ಜಹೀರ ಹಣೆ ಚಚ್ಚಿಕೊಂಡ. ಶಾಹಜಾದಬಿಗೆ ಮೊದಲು ನಗು ಬಂತು. ಊರಿಗೆಲ್ಲ ನೆಟ್ಟಿನ ಪಾಠ ಹೇಳುವ ಕುಷ್ಟಗಿಯ ಅಂಗಡಿಯ ಕರಿ ಹಲಗೆ ಕಣ್ಣ ಮುಂದೆ ಬಂದು ಇನ್ನಷ್ಟು ನಗು ಬಂತು. ಆಮೇಲೆ ಆ ಹತ್ತರಲ್ಲಿ ತನ್ನ ಪಾಲಿಗೆ ಬಂದದ್ದು ಏನೆಂದು ನೆನಪಾಗಿ ಮುಖ ಸಣ್ಣದಾಯಿತು. ಹೊಸದು ಹಾಕಿಸೋಣವೆಂದರೆ ಮತ್ತೆ ಐವತ್ತೈದು. ಜಹೀರ, "ಬ್ಯಾಡ ಬಿಡಕ್ಕಾ. ಇನ್ನ ನಾಕು ದಿನಕ್ಕ ಊರಿಗೇ ಹೋಗ್ತೀವಿ. ಎಲ್ಲಾರೂ ನೋಡ್ಯಾರ, ಆತಲ್ಲ," ಎಂದ.

"ಎಲ್ಲಾರೂ ನೋಡ್ಯಾರ," ಎಂದಳು ಶಾಹಜಾದಬಿ.

ಅಂಗಡಿಯವನು ಫೋನನ್ನು ಇನ್ನೂ ಒತ್ತುತ್ತಿದ್ದ. "ನೆಟ್ ಹೋಗಿದೆ ಆಪಾ. ಮಾತು ಹಾಗೇ ಇದೆ. ಈ ಪ್ಲ್ಯಾನಿನ ಜೊತೆ ಹೊರದೇಶಕ್ಕೆ ಮಾತಾಡಲು ಒಂದಷ್ಟು ನಿಮಿಷ ಕೊಡುತ್ತಾರೆ. ಒಂದೂ ಖರ್ಚಾಗಿಲ್ಲ. ಈಗ ಅದನ್ನು ಯಾರೂ ಮುಟ್ಟುವುದೇ ಇಲ್ಲ."

"ಬರೇ ಮಾತೇನು?" ಎಂದ ಜಹೀರ. "ಮುಖ ಕಾಣೂದಿಲ್ಲಲ್ಲ. ಅದನ್ನ ತಗೊಂಡು ಏನು ಮಾಡ್ತಿ?"

ಆಕೆ ತಮ್ಮನನ್ನೂ ರಜಿಯಾಳನ್ನೂ ಮುಂದೆ ಹೋಗಲು ಹೇಳಿ, ಅಂಗಡಿಯ ಮುಂದಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಬಿಸಿಲು ಇಳಿದಿತ್ತು. ಊರಿನಲ್ಲಿ ಈಗ ದೀಪ ಹತ್ತಿದ ಹೊತ್ತು, ಇಳಕಲ್ಲಿನ ಬಸ್ಸು ಬಂದು ಹೋಗಿರುತ್ತದೆ. ಅಂಕಿ ಒತ್ತತೊಡಗಿದಳು. ಸೊನ್ನೆ ಸೊನ್ನೆ ಆದಮೇಲೆ ಬೆರಳು ತಾನಾಗಿ ಒಂಬತ್ತು, ಆರು, ಆರು ಎಂದು ಓಡಿತು. ಸಾವಿರಾರು ಸಲ ಹೆರವರಿಗಾಗಿ ಒತ್ತಿದ ಸೌದಿಯ ಅಂಕಿ. ಆದರೆ ಈಗ ಆಕೆಯೇ ಸೌದಿಯಲ್ಲಿ ಕೂತಿದ್ದಳು. ಅಳಿಸಿ, ಒಂಬತ್ತು, ಒಂದು ಎಂದು ಒತ್ತಿದಳು. ತನ್ನ ದೇಶದ ಅಂಕಿಯನ್ನು ಇಷ್ಟು ವರ್ಷದಲ್ಲಿ ಆಕೆ ಒತ್ತಿದ್ದು ಇದೇ ಮೊದಲು.

ಫೋನ್ ಬಂದರೆ ಯಾರದೆಂದು ನೋಡಿ ಎತ್ತುವ ರೂಢಿ ಅಮೀನಸಾಬನಿಗಿಲ್ಲ. ಬೂತಿನ ಫೋನಿನಲ್ಲಿ ನೋಡಲು ಏನೂ ಇರಲಿಲ್ಲ. ಆ ಚಾಳಿ ಹೋಗಿಲ್ಲ. ಎತ್ತಿದವನೇ, "ಹೇಳ್ರಿ ಅಕ್ಕಾರ, ಯಾವ ನಂಬರಿಗೆ ಹಾಕಬೇಕ್ರಿ?" ಎಂದ. ಆಕೆ ಬರೀ "ಹಲೋ" ಎಂದಿದ್ದಳು.

ಅವನಿಗೆ ಗುರುತು ಸಿಕ್ಕಿರಲಿಲ್ಲ. ಅರ್ಧ ಊರನ್ನು ದನಿಯಿಂದಲೇ ಗುರುತಿಸುವ ಮನುಷ್ಯ ಹೆಂಡತಿಯ ದನಿಯನ್ನು ಹೀಗೆ ಫೋನು ಕಿವಿಗೆ ಹಚ್ಚಿ ಕೇಳಿದವನೇ ಅಲ್ಲವಲ್ಲ. ಆಕೆಗೂ ಅವನ ದನಿ ಹೊಸದಾಗಿತ್ತು. ಎದುರಿಗಿದ್ದಾಗ ಇಷ್ಟು ಮೆತ್ತಗಿರಲಿಲ್ಲ, ಅಥವಾ ಆಕೆ ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಎಲ್ಲಿಂದ ಧೈರ್ಯ ಬಂತೋ, ಸೆರಗನ್ನು ಬಾಯಿಗಿಟ್ಟುಕೊಂಡು ಕೇಳಿದಳು:

"ಮುನ್ನೂರರದ್ದು ಎಷ್ಟು ದಿನ ಬರ್ತೈತ್ರಿ?"

"ಇಪ್ಪತ್ತೆಂಟು ದಿನ ರೀ. ದಿನಕ್ಕ ಒಂದೂವರೆ."

"ಸೌದಿಯೊಳಗ ಎಷ್ಟು ಬೀಳ್ತೈತ್ರಿ?"

"ಅಲ್ಲಿದ್ದು ಕೇಳಬ್ಯಾಡ್ರಿ ಅಕ್ಕಾರ. ನಮ್ಮಾಕಿ ಹೋಗ್ಯಾಳ. ಸಾವಿರದ ಎರಡನೂರು ಕೊಟ್ಟು ಸಿಮ್ ತಗೊಂಡಾಳ, ಎರಡು ದಿನಕ್ಕ ಬಂದ್."

"ಭಾಳ ಮಾತಾಡ್ತಾರೇನ್ರಿ ಅವ್ರು?"

"ಮಂದಿ ಜೋಡಿ ಮಾತಾಡಿದ್ಲ್ರಿ. ತಪ್ಪು ನಂದ. ಫೋನ್ ಹಿಡಕೊಂಡು ಎಲ್ಲಾರಿಗೂ ತೋರಸಗೋತ ನಿಂತೆ. ಕಡೀಕ ಮಾತಾಡಿದ್ರಾತು ಅಂದ್ಕೊಂಡೆ, ಕಡೀಕ ನೆಟ್ಟ ಇಲ್ಲ. ಈಗ ಆ ಕಡಿ ಕುರ್ಚಿ ಖಾಲಿ ಐತ್ರಿ. ಆಕಿ ಹೋದಾಗಿಂದ ಚಿಲ್ಲರ ಕೇಳಾಕ ಆ ಕಡಿ ತಿರಗ್ತೀನಿ, ಯಾರೂ ಇಲ್ಲ. ಇರ್ಲಿ ಬಿಡ್ರಿ. ನಿಮ್ಮ ನಂಬರ್ ಹೇಳ್ರಿ."

ಎದುರಿನ ಮಸೀದಿಯ ಕಡೆಗೆ ಜನ ಹೊಳೆಯ ಹಾಗೆ ಹೋಗುತ್ತಿತ್ತು. ಶಾಹಜಾದಬಿ ಬಾಯಿಂದ ಸೆರಗು ತೆಗೆದಳು.

"ಹೆಬ್ಬೆಟ್ಟು ಅಷ್ಟ ತೋರಿಸಿದ್ರಲ್ಲ," ಎಂದಳು. "ಅದರಾಗ ಉಗುರು ಬ್ಯಾರೆ ತಗದಿಲ್ಲ."

ಆ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. ಹಂಪವ್ವ ಯಾರದೋ ಜೊತೆ ರೊಟ್ಟಿಯ ಚೌಕಾಸಿ ಮಾಡುತ್ತಿರುವುದೂ ಕೇಳಿತು.

"ಶಾಹಜಾದ್?" ಎಂದ ಅಮೀನಸಾಬ.

ಅಂಗಡಿಯಲ್ಲಿ ಅವನು ಆ ಹೆಸರು ಕರೆದವನಲ್ಲ. "ಏ", "ಇಕಾ", "ಕೇಳಿಲ್ಲಿ" ಎನ್ನುತ್ತಿದ್ದ. ಮರುಗಳಿಗೆಗೇ ಅವನಿಗೆ ಎಚ್ಚರವಾಯಿತು. "ಇದು ನೆಟ್ ಅಲ್ಲಲ್ಲ! ಐಎಸ್‌ಡಿ ಹೊಂಟೈತಿ! ಇಡು, ಇಡು ಮೊದ್ಲ, ರೊಕ್ಕ ಓಡತೈತಿ!"

"ಓಡಲಿ. ಅದು ಪ್ಲ್ಯಾನಿನಾಗ ಐತಿ. ನಾ ಇಡಂಗಿಲ್ಲ."

"ಎಷ್ಟು ನಿಮಿಷ ಐತಿ?"

"ಕೇಳಿಲ್ಲ. ಕೇಳಂಗೂ ಇಲ್ಲ. ನೀವು ಮಾತಾಡ್ರಿ."

"ನಾ ಏನ ಮಾತಾಡ್ಲಿ?"

"ಏನಾರ."

ಅಮೀನಸಾಬ ಮೊಣಕಾಲಿನ ಬಾವು ಇಳಿದಿದೆ ಎಂದ. ಹಸೀಬಾ ಗಂಗಾವತಿಯಿಂದ ಸಾರು ಕಳಿಸಿದ್ದಳು, ಉಪ್ಪು ಮುಂದಾಗಿತ್ತು ಎಂದ. ಹಂಪವ್ವ ಒಂಟೆ ಕಾಣದ್ದಕ್ಕೆ ಇನ್ನೂ ಸಿಟ್ಟಿನಲ್ಲಿದ್ದಾಳೆ ಎಂದ. ಅಷ್ಟಕ್ಕೆ ಅವನ ಮಾತು ಮುಗಿಯಿತು. ಆಮೇಲೆ ಅವನು ದನಿ ತಗ್ಗಿಸಿ ಮನೆಯ ಮಾತಿನಲ್ಲಿ, ಅಂಗಡಿಯಲ್ಲಿ ಎಂದೂ ಆಡದ ಉರ್ದುವಿನಲ್ಲಿ ಹೇಳಿದ: ಆ ಹೊತ್ತು ಕೊಪ್ಪಳದಿಂದ ಫೋನ್ ಮಾಡೆಂದು ನೀನು ಹೇಳಿದ್ದೆ. ಮಾಡಬೇಕೆಂದು ಬೂತಿನ ಮುಂದೆ ನಿಂತಿದ್ದೆ. ನೀನು ಎತ್ತಿದ ಮೇಲೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಜಿಲೇಬಿ ಕಟ್ಟಿಸಿಕೊಂಡು ಬಂದೆ.

ಶಾಹಜಾದಬಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಿರಾಣಿಯವನು ಒಳಗಿನಿಂದ ಒಂದು ಲೋಟ ಚಹ ತಂದು ಪೆಟ್ಟಿಗೆಯ ಅಂಚಿಗಿಟ್ಟು ಸದ್ದಿಲ್ಲದೆ ಹೋದ.

ಕುಷ್ಟಗಿಯ ಅಂಗಡಿಗೆ ಯಾರೋ ಬಂದದ್ದು ಕೇಳಿಸಿತು. ಕುಬೇರಪ್ಪನ ದನಿ. "ಅಮೀನಸಾಬ್ರ, ಲಗೂನ ಒಂದು ರೀಚಾರ್ಜ್ ಹಾಕ್ರಿ, ಗಾಡಿ ನಿಂತೈತಿ."

ಈಗ ಇಡುತ್ತಾನೆ ಎಂದು ಶಾಹಜಾದಬಿಗೆ ಗೊತ್ತಿತ್ತು. ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು, ತಾನೇ ಇಡೋಣವೆಂದು ಫೋನನ್ನು ಕಿವಿಯಿಂದ ಸರಿಸತೊಡಗಿದಳು.

"ಕುಂದ್ರಿ ಕುಬೇರಪ್ಪ," ಎಂದ ಅಮೀನಸಾಬ. "ಸ್ವಲ್ಪ ತಡ ಆಕ್ಕೈತಿ. ಮನಿಯಿಂದ ಫೋನ್ ಬಂದೈತಿ."